ಕೊಡೆಬಂಡೆಯ ಬಾಣ

ಬಂಡೆಯ ಮೇಲೆ ಹೆಸರು ಬರೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಮೊಳಕಾಲ್ಮೂರು ಸೀಮೆಯಲ್ಲಿ ಬಂಡೆಗಳಿಗೇನು ಕೊರತೆಯೇ? ಕೈಗೆಟುಕುವ ಪ್ರತಿಯೊಂದು ಬಂಡೆಯ ಮೇಲೂ ಯಾವನೋ ಒಬ್ಬ ತನ್ನ ಹೆಸರು, ಪಕ್ಕದಲ್ಲಿ ಒಂದು ಹುಡುಗಿಯ ಹೆಸರು, ನಡುವೆ ಒಂದು ಸೊಟ್ಟ ಹೃದಯ, ಎಲ್ಲವನ್ನೂ ಬಿಳಿ ಪೇಂಟಿನಲ್ಲಿ ಬಳಿದಿಟ್ಟಿರುತ್ತಾನೆ. ಅಂಥದ್ದು ಕಂಡಾಗಲೆಲ್ಲ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಇವ್ರಿಬ್ರದೂ ಮದ್ವೆ ಆಯ್ತೋ ಇಲ್ಲೋ ವಿಚಾರಿಸ್ಬೇಕು ನೋಡ್ರಿ ಟೀಚರಮ್ಮ. ಆಗಿದ್ರೆ ಇಬ್ರನ್ನೂ ಕರ್ಕಂಬಂದು ಉಜ್ಜಿಸ್ಬೇಕು" ಎನ್ನುತ್ತಿದ್ದರು. ಆದ್ದರಿಂದ ಅವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರು ಎಂದರೆ ಸಾಕು.

ಮೊಳಕಾಲ್ಮೂರಿನಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅವರು ಸಮಾಜ ಪಾಠದ ಮೇಷ್ಟ್ರು, ನಾನು ವಿಜ್ಞಾನದ ಟೀಚರ್. ನಮ್ಮಿಬ್ಬರ ವಯಸ್ಸಿಗೆ ಇಪ್ಪತ್ತು ವರ್ಷದ ಅಂತರ. ನಾನು ಚಳ್ಳಕೆರೆಯಿಂದ ಬಸ್ಸಿನಲ್ಲಿ ಓಡಾಡುವವಳು. ತಳಕು ದಾಟುವವರೆಗೆ ನಿದ್ದೆ, ಆಮೇಲೆ ಕಿಟಕಿಯಾಚೆಯ ಬೋಳುಗುಡ್ಡಗಳನ್ನು ನೋಡುತ್ತ ಗೊಣಗಾಟ. ಅಲ್ಲಿಗೆ ವರ್ಗವಾದಾಗ, ಒಂದೇ ವರ್ಷ, ಹೇಗೋ ಕಳೆದುಬಿಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಒಂಬತ್ತು ವರ್ಷ ಇದ್ದೆ. ಅದರಲ್ಲಿ ಏಳು ವರ್ಷ ಅವರಿದ್ದರು. ಉಳಿದೆರಡು ವರ್ಷಗಳಲ್ಲಿ ನಡೆದದ್ದು ನನಗೆ ಅಷ್ಟಾಗಿ ನೆನಪಿಲ್ಲ, ಒಂದು ಸುಳ್ಳಿನ ಹೊರತು.

ಅವರು ಎಡಚರು. ಊಟ ಒಂದನ್ನು ಬಿಟ್ಟು ಎಲ್ಲವೂ ಎಡಗೈಯಲ್ಲೇ. ಬೋರ್ಡಿನ ಮೇಲೆ ಭಾರತದ ನಕ್ಷೆಯನ್ನು ಕನ್ಯಾಕುಮಾರಿಯಿಂದ ಶುರು ಮಾಡಿ, ಕೈ ಎತ್ತದೆ, ಒಂದೇ ಗೆರೆಯಲ್ಲಿ ಸುತ್ತಿ ಮತ್ತೆ ಕನ್ಯಾಕುಮಾರಿಗೆ ತಂದು ಮುಟ್ಟಿಸುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ಅಂಗಿಯ ಎಡತೋಳು ಮೊಣಕೈವರೆಗೂ ಸುಣ್ಣದಲ್ಲಿ ಅದ್ದಿದಂತಾಗುತ್ತಿತ್ತು. ಶಾಲೆಯೆದುರಿನ ಚಹದಂಗಡಿಯವನಿಗೂ ಅವರಿಗೂ ಈ ವಿಷಯದಲ್ಲಿ ದಿನಾ ಒಂದು ಜಗಳ ಆಗಲೇಬೇಕು. ಬೆಳಿಗ್ಗೆ ಮೊದಲ ಗಿರಾಕಿ ಇವರೇ. ಇವರು ಎಡಗೈಯಲ್ಲಿ ಚಿಲ್ಲರೆ ಚಾಚುವುದು, ಅವನು ತನ್ನ ಕೈ ಹಿಂದಕ್ಕೆ ಎಳೆದುಕೊಂಡು, "ಬೋಣಿ ಟೈಮು ಸಾರೂ, ಆ ಕೈ ವದ್ದು, ಬ್ಯಾಡ!" ಎನ್ನುವುದು. "ಓಹೋ, ಮರ್ತೇಬಿಟ್ಟೆ ಕಣಪ್ಪ" ಎಂದು ಇವರು ಕೈ ಬದಲಿಸುವುದು. ಏಳು ವರ್ಷ ದಿನಾ ಬೆಳಿಗ್ಗೆ ಯಾರಾದರೂ ಮರೆಯುತ್ತಾರೆಯೇ? ಒಮ್ಮೆ ಅವರು ಎರಡು ದಿನ ರಜೆಯ ಮೇಲೆ ಹೋದಾಗ ಅಂಗಡಿಯವನು ನನ್ನನ್ನು ತಡೆದು, "ಸಾರು ಯಾಕೆ ಬಂದಿಲ್ಲ? ಎರಡು ದಿನದಿಂದ ಬೋಣಿನೇ ಸರಿ ಆಗ್ತಿಲ್ಲ" ಎಂದಿದ್ದ.

ಹುಡುಗರನ್ನು ಅವರು ಹೊಡೆದದ್ದನ್ನು ನಾನು ನೋಡಿಲ್ಲ. ಅವರ ಹತ್ತಿರ ಬೇರೆ ಅಸ್ತ್ರವಿತ್ತು. ಒಂದು ಶನಿವಾರ ಚಕ್ಕರ್ ಹೊಡೆದಿದ್ದ ಹುಡುಗನೊಬ್ಬ ಸೋಮವಾರ ಬಂದು, ಮೊದಲನೇ ಬಸ್ಸಿಗೆ ತಳಕಿನ ಅತ್ತೆಯ ಮನೆಗೆ ಹೋಗಿದ್ದೆ ಎಂದು ಕತೆ ಹೇಳಿದ. ಮೇಷ್ಟ್ರು ಬಹಳ ಆಸಕ್ತಿಯಿಂದ ಕೇಳಿದರು.

"ಕಿಟಕಿ ಪಕ್ಕ ಜಾಗ ಸಿಕ್ಕಿತ್ತೇನಲೇ?"

"ಹೂಂ ಸಾರ್."

"ಬಿಸ್ಲು ಯಾವ ಕೆನ್ನೆಗೆ ಬೀಳ್ತಿತ್ತು?"

ಹುಡುಗ ಒಂದು ಕ್ಷಣ ಯೋಚಿಸಿ ಬಲಗೆನ್ನೆ ಮುಟ್ಟಿಕೊಂಡ.

"ಒಳ್ಳೇದಾಯ್ತು. ಕುಂತ್ಕೋ."

ಅಷ್ಟೇ. ಬೆಳಿಗ್ಗೆ ಆ ಊರಿಂದ ದಕ್ಷಿಣಕ್ಕಿರುವ ತಳಕಿಗೆ ಹೊರಟರೆ ಬಿಸಿಲು ಎಡಗೆನ್ನೆಗೇ ಬೀಳಬೇಕು. ಅದು ಹುಡುಗನಿಗೆ ಕೂತ ಮೇಲೆ ಹೊಳೆಯಿತು, ಕಿವಿ ಕೆಂಪಾಯಿತು. ಮೇಷ್ಟ್ರು ಮತ್ತೆ ಆ ಮಾತೆತ್ತಲಿಲ್ಲ. 'ಒಳ್ಳೇದಾಯ್ತು' ಎಂದು ಅವರು ಮೆಲ್ಲಗೆ ಹೇಳಿದರೆ ಸುಳ್ಳು ಸಿಕ್ಕಿಬಿದ್ದಿದೆ ಎಂದೇ ಅರ್ಥ. "ಬೈದ್ರೆ ಬೈಸ್ಕಂಬೋದು ಮಿಸ್, ಅವ್ರು ಒಳ್ಳೇದಾಯ್ತು ಅನ್ಬಾರ್ದು" ಎಂದು ಹುಡುಗಿಯೊಬ್ಬಳು ನನ್ನ ಹತ್ತಿರ ಅತ್ತಿದ್ದಳು. ನಾನು ನಕ್ಕಿದ್ದೆ.

ಇನ್ನು ಗುಡ್ಡ. ಶಾಲೆಯ ಕಿಟಕಿಯಿಂದ ಕಾಣುವ ಗುಡ್ಡಗಳಲ್ಲೆಲ್ಲ ಎತ್ತರದ್ದು ಅದು. ಕಾಲು ಮಡಚಿ ಕೂತ ಗೂಳಿಯ ಹಾಗಿರುವುದರಿಂದ ಊರವರು ಗೂಳಿಗುಡ್ಡ ಎನ್ನುತ್ತಾರೆ. ಮೇಷ್ಟ್ರು 'ನಮ್ಮ ಹಿಮಾಲಯ' ಎನ್ನುತ್ತಿದ್ದರು, ತಮಾಷೆಗೇನಲ್ಲ. ಪ್ರತಿ ವರ್ಷ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಅದರ ತುದಿಗೆ ಹತ್ತಿಸಬೇಕು. ಹುಡುಗಿಯರೂ ಬರುವುದರಿಂದ ಒಬ್ಬರು ಟೀಚರ್ ಜೊತೆಗಿರಬೇಕು ಎಂದು ಹೆಡ್ಮಾಸ್ಟರು ಆಜ್ಞೆ ಹೊರಡಿಸಿದರು. ಉಳಿದ ಟೀಚರುಗಳಿಗೆಲ್ಲ ಒಂದೇ ದಿನ ಮಂಡಿನೋವು ಬಂತು. ಹೊಸಬಳಾದ ನಾನು ಸಿಕ್ಕಿಬಿದ್ದೆ. ನನಗೋ, ನಮ್ಮನೆ ತಾರಸಿಯ ಅಂಚಿನಲ್ಲಿ ಬಟ್ಟೆ ಒಣಹಾಕಲು ಕೂಡ ಹೆದರಿಕೆ.

"ಟೀಚರಮ್ಮ, ಗುಡ್ಡಕ್ಕೆ ಮೂರು ದಾರಿ ಐತ್ರಿ" ಎಂದು ಅವರು ಮೊದಲ ವರ್ಷವೇ ವಿವರಿಸಿದರು. ಒಂದು ಮೆಟ್ಟಿಲ ದಾರಿ. ಗೂಳಿಯ ಮುಖದ ಕಡೆಯಿಂದ, ಅರ್ಧ ಕಿತ್ತುಹೋದ ಹಳೇ ಕಲ್ಲುಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಪೈಪು. ಉದ್ದ ಜಾಸ್ತಿ, ನೆರಳಿಲ್ಲ, ಆದರೆ ಅಜ್ಜಿಯರೂ ಹತ್ತಬಹುದು. ಇನ್ನೊಂದು ಕೊರಕಲ ದಾರಿ. ಗೂಳಿಯ ಹೊಟ್ಟೆಯ ಪಕ್ಕದಲ್ಲಿ ಮಳೆನೀರು ಇಳಿದು ಕೊರೆದ ಸಂದು. ತುಂಬ ಸೀತಾಫಲದ ಗಿಡ, ತಂಪು. ಆದರೆ ಕಾಲಿಟ್ಟಲ್ಲಿ ಕಲ್ಲು ಜಾರುತ್ತದೆ, ಮತ್ತು ಸೀತಾಫಲ ಇಷ್ಟಪಡುವವರಲ್ಲಿ ಕರಡಿಯೂ ಒಂದು. ಮೂರನೆಯದು ಬೆನ್ನಿನ ದಾರಿ. ಬಾಲದ ಬುಡದಿಂದ ಡುಬ್ಬದವರೆಗೆ ಬರೀ ಬಂಡೆ. ಕಾಲಷ್ಟೇ ಸಾಲದು, ಕೈಯನ್ನೂ ಊರಿ ಹತ್ತಬೇಕು. ಎರಡೂ ಕಡೆ ಗಾಳಿ.

"ಮತ್ತೆ ಯಾವ ದಾರೀಲಿ ಹೋಗೋದು ಸರ್?"

"ಅದನ್ನ ಗುಡ್ಡನೇ ಹೇಳ್ಬೇಕು."

ಅದಕ್ಕೊಂದು ಶಾಸ್ತ್ರವೇ ಇತ್ತು. ಮಕ್ಕಳ ಪ್ರವಾಸಕ್ಕೆ ವಾರ ಮುಂಚೆ ನಾವಿಬ್ಬರೂ ಹೋಗಿ ದಾರಿ ನೋಡಿಕೊಂಡು ಬರುವುದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದನ್ನು ಹೆಣ್ಣು ನೋಡುವ ಶಾಸ್ತ್ರ ಎಂದು ಗೇಲಿ ಮಾಡುತ್ತಿದ್ದರು. ಮೇಷ್ಟ್ರು ಕೂಡ ಹಾಗೆಯೇ ನಡೆದುಕೊಳ್ಳುತ್ತಿದ್ದರು. ಗುಡ್ಡದ ಬುಡದಲ್ಲಿ ಮೂರು ದಾರಿಯೂ ಕವಲೊಡೆಯುವ ಕಡೆ ಒಂದು ಚಪ್ಪಟೆ ಕಲ್ಲಿದೆ. ಅದರ ಮೇಲೆ ಕೂತು, ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ಮಂಡಕ್ಕಿ ಮೆಲ್ಲುತ್ತ, ಅರ್ಧ ಗಂಟೆ ಸುಮ್ಮನೆ ಗುಡ್ಡ ನೋಡುವುದು. ಹೆಜ್ಜೇನು ಎಲ್ಲಿ ಕಟ್ಟಿದೆ, ಯಾವ ಕಡೆ ಹದ್ದು ಏಳುತ್ತಿದೆ, ಮಳೆಗೆ ಯಾವ ಕಲ್ಲು ಜಾಗ ಬಿಟ್ಟಿದೆ. ಆಡು ಕಾಯುವವರು ಸಿಕ್ಕರೆ ಅವರನ್ನು ಕೂರಿಸಿಕೊಂಡು ಮಂಡಕ್ಕಿ ಕೊಟ್ಟು ತೆಲುಗಿನಲ್ಲಿ ವಿಚಾರಣೆ. ನಾನು ಗಡಿಯಾರ ನೋಡಿದರೆ, "ಯಾಕ್ರಿ ಅವಸ್ರ? ಹತ್ತೋದೇನು, ಹೆದ್ರಿಕೆ ಮರೆತ್ರೆ ಯಾರಾದ್ರೂ ಹತ್ತುತಾರೆ. ಯಾವ ದಾರೀಲಿ ಇಳೀಬಲ್ರೋ ಆ ದಾರೀನೇ ಹತ್ತಬೇಕು" ಎನ್ನುತ್ತಿದ್ದರು. ಹೀಗೆ ನೋಡಿ ನೋಡಿ ನಾಲ್ಕು ವರ್ಷ ಮೆಟ್ಟಿಲ ದಾರಿಯನ್ನೇ ಆರಿಸಿದರು, ಎರಡು ವರ್ಷ ಕೊರಕಲನ್ನು. ಬೆನ್ನಿನ ಕಡೆ ಮಾತ್ರ ಸುಮ್ಮನೆ ನೋಡುತ್ತ ಕೂರುತ್ತಿದ್ದರು. ಅವರ ಮನಸ್ಸು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಮಕ್ಕಳಿಗೆ ಬೇಡ ಎಂದು ತಡೆದುಕೊಳ್ಳುತ್ತಿದ್ದರು.

ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿ ಬರಿಗಾಲಲ್ಲಿ ಹತ್ತುತ್ತಿದ್ದರು. ಆ ಚೀಲದಲ್ಲಿ ಚಪ್ಪಲಿಯ ಜೊತೆ ನೀರು, ಒಂದು ಪೊಟ್ಟಣ ಸೀಮೆಸುಣ್ಣ ಮತ್ತು ಒಂಬತ್ತನೇ ತರಗತಿಯ ಡಸ್ಟರು. ಸೀಮೆಸುಣ್ಣ ಬಾಣ ಹಾಕಲಿಕ್ಕೆ. ಆ ಬಾಣಗಳನ್ನು ಮೊದಲ ಸಲ ನೋಡಿದಾಗ ಮೇಷ್ಟ್ರಿಗೆ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನನಗೆ ಅನುಮಾನ ಬಂದಿತ್ತು. ಹತ್ತುತ್ತ ಹಾಕುತ್ತಿದ್ದ ಬಾಣಗಳೆಲ್ಲ ಕೆಳಮುಖ! ಅದೂ ಬಂಡೆಯ ಆಚೆ ಮಗ್ಗುಲಿಗೆ, ಹತ್ತುವವರಿಗೆ ಕಾಣದ ಹಾಗೆ.

"ಮೇಲೆ ಯಾವ ಕಡೆ ಐತೆ ಅಂತ ಯಾರಿಗಾದ್ರೂ ಹೇಳಿಕೊಡ್ಬೇಕೇನ್ರಿ? ತುದೀಗೆ ಹೋಗಿ ತಿರುಗಿ ನಿಂತ್ಕಂಡಾಗ ನೋಡ್ರಿ, ಹತ್ತಿ ಬಂದ ದಾರೀನೇ ಗುರ್ತು ಸಿಗಲ್ಲ. ಬಾಣ ಬೇಕಾಗೋದು ಆವಾಗ."

ನಿಜವಾಗಿತ್ತು. ಮೇಲಿನಿಂದ ನೋಡಿದರೆ ಎಲ್ಲ ಬಂಡೆಗಳೂ ಒಂದೇ. ಮಕ್ಕಳು ಬಾಣ ಹುಡುಕುತ್ತ, ಕೂಗುತ್ತ ಇಳಿಯುತ್ತಿದ್ದರು. ಎಲ್ಲರಿಗಿಂತ ಹಿಂದೆ ಮೇಷ್ಟ್ರು ಡಸ್ಟರು ಹಿಡಿದು ಒಂದೊಂದೇ ಬಾಣವನ್ನು ಒರೆಸುತ್ತ ಬರುತ್ತಿದ್ದರು. ಮಳೆಗೆ ತಾನಾಗಿ ಹೋಗುತ್ತದಲ್ಲ, ಯಾಕಿಷ್ಟು ಶ್ರಮ ಎಂದು ನಾನು ಕೇಳಿದ್ದೆ.

"ಮಳೆ ಎಲ್ಲಾನೂ ಒರೆಸಲ್ರಿ. ನಾಕು ಒರೆಸಿ ಒಂದು ಬಿಡುತ್ತೆ. ಇಡೀ ದಾರಿಗೆ ಬಾಣ ಇದ್ರೆ ಚಂದ, ಒಂದೂ ಇಲ್ದಿದ್ರೆ ಇನ್ನೂ ಚಂದ, ಜನ ಮೆಟ್ಟಿಲು ಹುಡುಕ್ಕೊಂಡು ಹೋಗ್ತಾರೆ. ಒಂದೇ ಒಂದು ಉಳೀತು ಅನ್ರಿ, ಅದನ್ನ ನಂಬ್ಕಂಡು ಇಳಿದೋನು ಮುಂದಿನ್ದು ಎಲ್ಲೈತೆ ಅಂತ ಹುಡುಕ್ತಾ ಹುಡುಕ್ತಾ ಹೋಗಿ ಬೀಳ್ತಾನೆ."

ಏಳನೆಯ ವರ್ಷ, ಅವರ ನಿವೃತ್ತಿಗೆ ಆರು ತಿಂಗಳಿದ್ದಾಗ, ಚಪ್ಪಟೆ ಕಲ್ಲಿನ ಮೇಲೆ ಕೂತು ಮಂಡಕ್ಕಿ ಮುಗಿದರೂ ಅವರು ಏಳಲಿಲ್ಲ. ಬೆನ್ನಿನ ಕಡೆಯೇ ನೋಡುತ್ತಿದ್ದರು. ನನಗೆ ಏನನ್ನಿಸಿತೋ, "ಸರ್, ಈ ಸಲ ಆ ಕಡೆಯಿಂದ ಹೋಗೋಣ. ಮಕ್ಕಳಿಗೆ ಬೇಡ ಅನ್ನಿಸಿದರೆ ಬಿಡೋಣ. ನೀವೊಂದು ಸಲ ಹೋದ ಹಾಗಾಗುತ್ತೆ" ಎಂದುಬಿಟ್ಟೆ. ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ.

ಹತ್ತಿದೆವು. ನಾನು ಹತ್ತಿದ್ದಕ್ಕಿಂತ ಅವರು ಎಳೆದದ್ದೇ ಹೆಚ್ಚು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎಲ್ಲಿ ಕೈ ಊರ್ರಿ ಎಂದರೆ ಅಲ್ಲಿ ಊರಿ, ಕೆಳಗೆ ನೋಡಬೇಡಿ ಎಂದದ್ದಕ್ಕೆ ಎಲ್ಲೂ ನೋಡದೆ ಹೋದೆ. ಮುಕ್ಕಾಲು ದಾರಿಯಲ್ಲಿ ಒಂದು ದೊಡ್ಡ ಬಂಡೆ ಇನ್ನೊಂದರ ಮೇಲೆ ಕೊಡೆ ಬಿಚ್ಚಿದಂತೆ ಕೂತಿದೆ. ಅದು ಕೊಡೆಬಂಡೆ. ಅದರಡಿ ಇಬ್ಬರು ಕೂರುವಷ್ಟು ಜಗುಲಿ. ಮೇಲಿನಿಂದ ಬರುವವರು ಈ ಜಗುಲಿಗೆ ಜಾರಿ ಇಳಿದು, ತಕ್ಷಣ ಎಡಕ್ಕೆ ಹೊರಳಿ, ಕತ್ತಲೆಯ ಸಂದಿನಂತೆ ಕಾಣುವ ಜಾಗದಲ್ಲಿ ನುಸುಳಬೇಕು. ಎದುರಿಗೆ ನುಣ್ಣನೆಯ ಹಾಸುಬಂಡೆ ರಸ್ತೆಯಂತೆ ಕರೆಯುತ್ತದೆ. ಇಪ್ಪತ್ತು ಹೆಜ್ಜೆ ಆಚೆಗೆ ಅದು ಗಾಳಿಯಲ್ಲಿ ಮುಗಿಯುತ್ತದೆ. ಜಗುಲಿಗೆ ಇಳಿಸುವ ಬಾಣವೊಂದನ್ನು ಕೊಡೆಯಡಿ ಮೂಲೆಯಾಚೆಯ ಮಗ್ಗುಲಿಗೂ, ಎಡಕ್ಕೆ ಹೊರಳಿಸುವ ಬಾಣವೊಂದನ್ನು ಹೊರಗಿನ ಕಲ್ಲಿಗೂ ಹಾಕಿದೆ ಎಂದು ಆಮೇಲೆ ಅವರೇ ಹೇಳಿದರು. ನಾನು ನೋಡಲಿಲ್ಲ. ಕಣ್ಣು ಮುಚ್ಚಿ ಬಂಡೆ ತಬ್ಬಿಕೊಂಡು ಕೂತಿದ್ದೆ. ಸೀಮೆಸುಣ್ಣದ ಕಿರ್ ಸದ್ದು ಮಾತ್ರ ಕೇಳಿಸಿತು.

ತುದಿಯಲ್ಲಿ ಅವರು ಮಗುವಾದರು. "ಅಗೋ ನೋಡ್ರಿ, ಫ್ಯಾನುಗಳು. ಅದ್ರಾಚೆ ಬೂದು ಗೆರೆ ಕಾಣ್ತೈತಲ್ಲ, ವರವು ಕಾವಲು!" ನನಗೆ ಗಾಳಿಯಂತ್ರಗಳು ಕಂಡವು, ಕಾವಲು ಕಾಣಲಿಲ್ಲ. ಅವರಪ್ಪ ಆ ಹುಲ್ಲುಗಾವಲಿನಲ್ಲಿ ದನ ಮೇಯಿಸಿದವರು. ಅಲ್ಲೀಗ ಗೋಡೆ ಎದ್ದು, ದನಗಳು ಒಳಗೆ ಹೋಗುವಂತಿಲ್ಲ. "ಇಲ್ಲಿಂದ ನೋಡಿದ್ರೆ ಗೋಡೆ ಕಾಣಲ್ಲ, ಅದಕ್ಕೇ ಹತ್ತೋದು" ಎಂದರು. ನಾನು ಕಾವಲು ಕಾಣುತ್ತಿದೆ ಎಂದು ತಲೆಯಾಡಿಸಿದೆ. ಅದು ನಾನು ಅವರಿಗೆ ಹೇಳಿದ ಮೊದಲ ಸುಳ್ಳು. ಅದು ನನ್ನನ್ನು ಕಾಡುವುದಿಲ್ಲ.

ಇಳಿಯುವ ಮೊದಲು ನೀರಿನ ದೊಣೆಯ ಅಂಚಿನಲ್ಲಿ ನನ್ನ ಕಾಲು ಉಳುಕಿತು. ಅಷ್ಟು ಹೊತ್ತೂ 'ಟೀಚರಮ್ಮ, ಹಿಡೀರಿ, ಬರ್ರಿ' ಎನ್ನುತ್ತಿದ್ದವರು, "ಕುಂತ್ಕೋ, ಕಾಲು ತೋರ್ಸು. ಅಳ್ಬ್ಯಾಡ ಸುಮ್ಕಿರು" ಎಂದರು. ಏಕವಚನಕ್ಕೆ ಬಂದದ್ದು ಅವರಿಗೂ ಗೊತ್ತಾಗಲಿಲ್ಲ, ಆಮೇಲೆ ಬಹುವಚನಕ್ಕೆ ಹೋಗಲೂ ಇಲ್ಲ. ಬೆನ್ನಿನ ಮೇಲೆ ನಾನು ಇಳಿಯುವಂತಿರಲಿಲ್ಲ. ಪೈಪು ಹಿಡಿದು, ಅವರ ಹೆಗಲು ಹಿಡಿದು, ಮೆಟ್ಟಿಲ ದಾರಿಯಲ್ಲಿ ಮೂರು ಗಂಟೆ ಇಳಿದೆವು. ಬುಡಕ್ಕೆ ಬಂದು ಚಪ್ಪಟೆ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಅವರು ಚೀಲ ತೆರೆದರು. ಡಸ್ಟರು ಕಂಡಿತು.

"ಬಾಣ ಎಲ್ಲಾ ಹಂಗೇ ಉಳಿದ್ವಲ್ಲಮ್ಮ" ಎಂದರು. "ಇರ್ಲಿ, ನಾಡಿದ್ದು ಭಾನುವಾರ ಬಂದು ಒರೆಸ್ತೀನಿ."

ಆ ಭಾನುವಾರ ಅವರು ಚಳ್ಳಕೆರೆಯ ಆಸ್ಪತ್ರೆಯಲ್ಲಿದ್ದರು. ಎದೆ. ಗುಡ್ಡವಿರಲಿ, ಮನೆಯ ಮೆಟ್ಟಿಲು ಹತ್ತುವುದೂ ಬೇಡ ಎಂದರು ಡಾಕ್ಟರು. ನಿವೃತ್ತಿಯವರೆಗೂ ರಜೆ ಹಾಕಿದರು. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ, ಬೆಳಗಿನಿಂದ ಸಂಜೆವರೆಗೆ ಕಡಲೆಕಾಯಿ ಎಣ್ಣೆಯ ವಾಸನೆ ತುಂಬಿರುವ ಮೆಟ್ಟಿಲಿಲ್ಲದ ಒಂದು ನೆಲಮಟ್ಟದ ಮನೆಯಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ನಮ್ಮ ಮನೆಯಿಂದ ಹತ್ತು ನಿಮಿಷದ ಹಾದಿ. ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಬಾಣದ ಮಾತು.

"ಒಂದು ಮಳೆಗಾಲ ಆಯ್ತಲ್ಲ ಸರ್, ಎಲ್ಲ ಹೋಗಿರುತ್ತೆ."

"ಎಲ್ಲ ಹೋಗಿರ್ತವೆ. ಕೊಡೆಬಂಡೆ ಕೆಳಗಿನ್ದು ಹೋಗಿರಲ್ಲ. ಅಲ್ಲಿಗೆ ಮಳೆ ಬೀಳಲ್ಲಮ್ಮ. ಹೊರಗಿನ್ದು ತೊಳೆದು ಹೋಗಿ ಅದೊಂದೇ ಉಳಿದೈತೆ. ಈಗ ಫೋಟೋ ಹೊಡ್ಕಳಾಕೆ ಎಲ್ಲೆಲ್ಲಿಂದಲೋ ಹುಡುಗ್ರು ಬರ್ತಾವಂತೆ." ಉಸಿರು ಕಟ್ಟಿ ನಿಲ್ಲಿಸುತ್ತಿದ್ದರು. "ಜಾಗ ಗೊತ್ತಿರೋದು ನಮ್ಮಿಬ್ರಿಗೇ. ನಂಗೆ ಆಗಲ್ಲ. ನೀನು ಒಂದ್ಸಲ ಹೋಗ್ತೀಯಾ?"

ಡಸ್ಟರನ್ನು ನನ್ನ ಕೈಗೆ ಕೊಟ್ಟರು. ನಾನು ಹೋಗ್ತೀನಿ ಸರ್ ಎಂದೆ. ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮಗಳ ಶೀತಜ್ವರ, ಕಾಲುನೋವು ಎಂದು ಪ್ರತಿ ಸಲ ಒಂದು ನೆಪ ಹೇಳಿದೆ. ನಿಜ ಏನೆಂದರೆ ಹೆದರಿಕೆ. ಅವರಿಲ್ಲದೆ ಆ ಬಂಡೆಯ ಮೇಲೆ ನಾನು ಕೈ ಊರಲಾರೆ ಎನ್ನುವ ಹೆದರಿಕೆ. ದಿನಾ ಪಾಠ ಮಾಡುವಾಗ ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ಕೊನೆಗೆ ನಾನು ಕಿಟಕಿಗೆ ಬೆನ್ನು ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಹೋದ ವರ್ಷ, ಸೀತಾಫಲದ ಕಾಲದಲ್ಲಿ ಅವರು ಹಾಸಿಗೆ ಹಿಡಿದರು. ನಿದ್ದೆಯಿಲ್ಲ. ಮಧ್ಯಾಹ್ನ ಮಂಪರಿನಲ್ಲೂ 'ಎಡಕ್ಕೆ, ಎಡಕ್ಕೆ ಹೊರಳ್ರಲೇ' ಎಂದು ಹುಡುಗರನ್ನು ಕೂಗುತ್ತಿದ್ದರಂತೆ. ಅಡುಗೆಮನೆಯಲ್ಲಿ ಅಮ್ಮಾವ್ರು, ಅಂದರೆ ಅವರ ಹೆಂಡತಿ, ನನ್ನ ಕೈ ಹಿಡಿದುಕೊಂಡರು. "ಒರೆಸಿದೆ ಅಂತ ಹೇಳಿಬಿಡಮ್ಮ. ಒಂದ್ಸಲ ಕಣ್ತುಂಬ ನಿದ್ದೆ ಮಾಡ್ಲಿ, ಪಾಪ." ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವರು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಮರುದಿನ ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಬುಟ್ಟಿ ಸೀತಾಫಲ ಕೊಂಡೆ, ಗುಡ್ಡಕ್ಕೆ ಹೋಗಿ ಬಂದದ್ದಕ್ಕೆ ಸಾಕ್ಷಿ ಇರಲಿ ಎಂದು. ಅದನ್ನು ಅವರ ಮಂಚದ ಪಕ್ಕ ಇಟ್ಟು, "ಒರೆಸಿ ಬಂದೆ ಸರ್" ಎಂದೆ.

ಅವರ ಕಣ್ಣು ಹೊಳೆದವು. ದಿಂಬಿನಿಂದ ತಲೆ ಎತ್ತಿದರು. "ಹೌದಾ? ಇತ್ತಾ ಅಲ್ಲೇ?"

"ಇತ್ತು ಸರ್. ನೀವು ಹೇಳಿದ ಹಾಗೇ."

"ಯಾವ ಕೈಯಾಗೆ ಒರೆಸ್ದೆ?"

"ಬಲಗೈಲಿ ಸರ್, ಇನ್ಯಾವ ಕೈಲಿ ಒರೆಸ್ತಾರೆ! ನಿಮ್ಮ ಹಾಗೆ ಎಡಚಿ ಅಲ್ವಲ್ಲ ನಾನು" ಎಂದು ನಕ್ಕೆ.

ಅವರು ನನ್ನ ಬಲಗೈ ನೋಡಿದರು. ಆಮೇಲೆ ತಲೆಯನ್ನು ದಿಂಬಿಗೆ ಇಳಿಸಿ, ಮೆಲ್ಲಗೆ, "ಒಳ್ಳೇದಾಯ್ತು" ಎಂದರು. "ಒಳ್ಳೇದಾಯ್ತು ಬಿಡಮ್ಮ."

ಆ ಮಾತಿನ ಅರ್ಥ ಗೊತ್ತಿದ್ದವರಲ್ಲಿ ನಾನೂ ಒಬ್ಬಳು. ಆದರೂ ಆ ದಿನ, ಅವರು ನಿಜವಾಗಿಯೇ ಒಳ್ಳೆಯದಾಯಿತು ಎಂದರು ಅಂದುಕೊಂಡೆ. ಹಾಗೆ ಅಂದುಕೊಂಡರೆ ನನಗೆ ಅನುಕೂಲವಿತ್ತು. ಸೀತಾಫಲ ಬಿಡಿಸಿ ಒಂದು ತೊಳೆ ಬಾಯಿಗಿಟ್ಟೆ; ತಿಂದರು. ಬಾಣದ ಮಾತನ್ನು ಮತ್ತೆ ಎತ್ತಲಿಲ್ಲ. ಹನ್ನೆರಡು ದಿನಕ್ಕೆ ಹೋದರು.

ಆಮೇಲಿನ ದಿನಗಳಲ್ಲಿ ನಾನು ಅವರನ್ನು ಎಲ್ಲೆಲ್ಲೋ ಕಂಡೆ. ಚಹದಂಗಡಿಯವನು ನನ್ನಿಂದ ಚಿಲ್ಲರೆ ತೆಗೆದುಕೊಳ್ಳುವಾಗ ಒಂದು ಕ್ಷಣ ತಡೆದು ನನ್ನ ಕೈ ನೋಡುತ್ತಿದ್ದ. ಬಸ್ಸಿನಲ್ಲಿ ಬೆಳಗಿನ ಬಿಸಿಲು ಕೆನ್ನೆಗೆ ಬಿದ್ದರೆ ಯಾವ ಕೆನ್ನೆ ಎಂದು ನೋಡಿಕೊಳ್ಳುತ್ತಿದ್ದೆ. ಯಾರಾದರೂ ನನ್ನನ್ನು ಮತ್ತೆ 'ಸುಮ್ಕಿರು' ಎಂದು ಗದರಿದರೆ ಸಾಕಿತ್ತು ಅನ್ನಿಸುತ್ತಿತ್ತು. ಡಿಸೆಂಬರ್ ಬಂತು. ಒಂದು ಭಾನುವಾರ ಡಸ್ಟರನ್ನು ಚೀಲಕ್ಕೆ ಹಾಕಿಕೊಂಡು, ಮಂಡಕ್ಕಿ ಕಟ್ಟಿಸಿಕೊಂಡು, ಒಬ್ಬಳೇ ಹೊರಟೆ.

ಚಪ್ಪಟೆ ಕಲ್ಲಿನ ಮೇಲೆ ಅರ್ಧ ಗಂಟೆ ಕೂತೆ. ದಾರಿ ಆರಿಸುವುದು ಅವರ ಕೆಲಸವಾಗಿತ್ತು. ನಾನು ಮಂಡಕ್ಕಿ ತಿನ್ನುವವಳು. ಮೆಟ್ಟಿಲ ದಾರಿಯಲ್ಲಿ ತುದಿಗೆ ಹೋಗಿ ಅಲ್ಲಿಂದ ಕೊಡೆಬಂಡೆಗೆ ಇಳಿಯಬಹುದು, ಪೈಪು ಹಿಡಿದು ಸುಲಭವಾಗಿ. ಆದರೆ ಮೇಲಿನಿಂದ ಜಾರಿ ಇಳಿಯುವಾಗ ತಪ್ಪಿದರೆ ಹಿಡಿಯುವವರಿಲ್ಲ. ಕೊರಕಲು ಕೊಡೆಬಂಡೆಗೆ ಸೇರುವುದೇ ಇಲ್ಲ. ಬಾಲದ ಕಡೆಯಿಂದ, ಬೆನ್ನಿನ ಮೇಲೆ ಹತ್ತಿದರೆ ಮಾತ್ರ ಹೋದ ದಾರಿಯಲ್ಲೇ ಹಿಂದಕ್ಕೆ ಬರಬಹುದು. ಯಾವ ದಾರಿಯಲ್ಲಿ ಇಳಿಯಬಲ್ಲೆನೋ ಅದನ್ನೇ ಹತ್ತಬೇಕು. ಎದ್ದೆ.

ಬಾಲದ ಬುಡದಲ್ಲಿ ಆಡು ಮೇಯಿಸುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಕೋಲು ಅಡ್ಡ ಹಿಡಿದಳು. "ಅಟು ಪೋವದ್ದಮ್ಮಾ!" ಆ ಕಡೆ ಹೋಗಬೇಡ ಎಂದು. ಯಾಕೆ ಎಂದು ನಾನು ಕನ್ನಡದಲ್ಲಿ ಕೇಳಿದ ಮೇಲೆ ಅವಳೂ ಕನ್ನಡಕ್ಕೆ ಹೊರಳಿದಳು. "ದೀಪಾವಳಿ ಆದ್ಮ್ಯಾಲೆ ಟೌನಿನೋರು ಇಬ್ರು ಬಂದಿದ್ರವ್ವಾ, ಫೋಟೋದೋರು. ಮ್ಯಾಲಿಂದ ಇಳಿಯಾಕೆ ಹೋಗಿ ಆ ಹಾಸುಬಂಡೆ ಮ್ಯಾಲೆ ಸಿಕ್ಕಾಕ್ಕೊಂಡು ಒದ್ದಾಡಿದ್ರು. ನಾವು ಹಗ್ಗ ಹಾಕಿ ಎಳೆದ್ವಿ. ಒಬ್ಬಂಗೆ ಕೈ ಮುರೀತು. ಯಾಕ್ರಪ್ಪಾ ಈ ಕಡೆ ಬಂದ್ರಿ ಅಂದ್ರೆ, ಬಾಣ ಹಾಕೈತಲ್ಲ ಅಂದ್ರು."

ಅಲ್ಲೇ ಕೂತುಬಿಟ್ಟೆ. ನಾನು ಒರೆಸಿ ಬಂದೆ ಎಂದು ಹೇಳಿ ಆಗ ತಿಂಗಳಾಗಿರಬೇಕು. ಅವಳು ನನ್ನ ಮುಖ ನೋಡಿ ಹೆದರಿ ನೀರು ಕೊಟ್ಟಳು. ನಾನು ಡಸ್ಟರು ತೋರಿಸಿ, ಆ ಬಾಣ ಅಳಿಸಲಿಕ್ಕೇ ಬಂದಿದ್ದೇನೆ ಎಂದೆ. ಅವಳು ಡಸ್ಟರನ್ನೂ ನನ್ನನ್ನೂ ನೋಡಿದಳು. "ಮಂಡಕ್ಕಿ ಮೇಷ್ಟ್ರು ಕಡೆಯೋರಾ?" ಎಂದಳು. ನಾನು ಹೂಂ ಎಂದೆ. "ಚಪ್ಪಲಿ ಬಿಡವ್ವಾ" ಎಂದು ತಾನೇ ಮುಂದೆ ಹೊರಟಳು.

ಕೊಡೆಬಂಡೆಯ ಸ್ವಲ್ಪ ಕೆಳಗೆ ಅವಳು ನಿಂತಳು, ನಾನು ಜಗುಲಿಗೆ ಹತ್ತಿದೆ. ಈ ಸಲ ಕಣ್ಣು ತೆರೆದಿದ್ದೆ. ಹೊರಗಿನ ಕಲ್ಲಿನ ಮೇಲೆ ಏನೂ ಇರಲಿಲ್ಲ. ಮೂಲೆಯಿಂದ ಕತ್ತು ಚಾಚಿ ಆಚೆಯ ಮಗ್ಗುಲು ನೋಡಿದೆ. ಬಾಣ ಅಲ್ಲಿತ್ತು, ನಿನ್ನೆ ಹಾಕಿದಂತೆ ಬೆಳ್ಳಗೆ. ಭಾರತದ ನಕ್ಷೆಯ ಹಾಗೆ ಅದನ್ನೂ ಅವರು ಕೈ ಎತ್ತದೆ ಒಂದೇ ಗೆರೆಯಲ್ಲಿ ಎಳೆದಿದ್ದರು. ಅವರ ಕೈಬರಹ ಎಂದು ನನ್ನ ಹತ್ತಿರ ಬೇರೆ ಏನೂ ಇಲ್ಲ. ಒಂದು ಕ್ಷಣ, ಫೋಟೋ ತೆಗೆದುಕೊಳ್ಳಲೇ, ಇರಲಿ ಬಿಡಲೇ ಅನ್ನಿಸಿತು. ಕೈ ಮುರಿದವನ ನೆನಪಾಗಿ ಡಸ್ಟರು ತೆಗೆದೆ.

ಬಲಗೈಯಲ್ಲಿ ಹಿಡಿದು ಚಾಚಿದೆ. ಎಟುಕಲಿಲ್ಲ. ಇನ್ನಷ್ಟು ಬಾಗಿದೆ. ಮೈ ಹೊರಕ್ಕೆ ತಿರುಗಿತು, ಹಾಸುಬಂಡೆಯೂ ಅದರಾಚೆಯ ಗಾಳಿಯೂ ಕಂಡವು. ಹಿಡಿಯಲು ಏನೂ ಇಲ್ಲ. ಹಿಂದಕ್ಕೆ ಸರಿದು ಬಂಡೆಗೆ ಒರಗಿ ಉಸಿರು ಬಿಟ್ಟೆ. ಆಮೇಲೆ ಕಂಡಿತು. ಮೂಲೆಯ ಬಲಕ್ಕೆ, ಎದೆಯ ಮಟ್ಟದಲ್ಲಿ, ಬೆರಳು ತೂರುವಂಥ ಒಂದು ಬಿರುಕು. ಅದರಲ್ಲಿ ಬಲಗೈ ಸಿಕ್ಕಿಸಿದರೆ ಮೈ ಬಂಡೆಗೆ ಅಂಟಿ ನಿಲ್ಲುತ್ತದೆ, ಎಡಗೈ ಸಲೀಸಾಗಿ ಮೂಲೆಯಾಚೆಗೆ ಹೋಗುತ್ತದೆ. ಬೇರೆ ದಾರಿಯೇ ಇಲ್ಲ. ಎಡಚರಿರಲಿ, ಬಲಗೈಯವರಿರಲಿ, ಬ್ರಹ್ಮನೇ ಬರಲಿ, ಅಲ್ಲಿ ಒರೆಸುವುದಿದ್ದರೆ ಎಡಗೈಯಲ್ಲೇ ಒರೆಸಬೇಕು.

'ಬಲಗೈಲಿ ಸರ್, ಇನ್ಯಾವ ಕೈಲಿ ಒರೆಸ್ತಾರೆ!' ಎಂದಿದ್ದೆ. ನಕ್ಕಿದ್ದೆ ಬೇರೆ. ಆ ಹನ್ನೆರಡು ದಿನವೂ ಬಾಣ ಇಲ್ಲೇ ಇದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಕೈಯಿಂದ ಸೀತಾಫಲ ತಿಂದಿದ್ದರು.

ಬಿರುಕಿಗೆ ಬಲಗೈ ಸಿಕ್ಕಿಸಿದೆ. ಎಡಗೈಯಲ್ಲಿ ಡಸ್ಟರು ಹಿಡಿದು ಚಾಚಿದೆ. ರೂಢಿಯಿಲ್ಲದ ಕೈ, ಮೊದಲ ಸಲ ಬಾಣದ ಬಾಲ ಮಾತ್ರ ಹೋಯಿತು, ಎರಡನೆಯ ಸಲ ಅರ್ಧ. ಮೂರನೆಯ ಸಲಕ್ಕೆ ಬಂಡೆ ಬರೀ ಬಂಡೆಯಾಯಿತು. ಸುಣ್ಣದ ಪುಡಿ ತೋಳಿನೊಳಗೆ ಮೊಣಕೈವರೆಗೂ ಇಳಿಯಿತು. ಬಂಡೆಗೆ ಕೆನ್ನೆಯಿಟ್ಟು ಅತ್ತೆ.

"ಎಡಗೈಲಿ ಸರ್" ಎಂದೆ ಜೋರಾಗಿ. "ಎಡಗೈಲಿ ಒರೆಸಿದೆ."

ಕೆಳಗಿನಿಂದ ಆಡಿನಾಕೆ ಕೂಗಿದಳು, "ಏನಂದ್ರವ್ವಾ?"

"ಏನಿಲ್ಲ" ಎಂದೆ. "ಇಳಿಯೋದು ಯಾವ ಕಡೆ, ಸ್ವಲ್ಪ ಹೇಳ್ತಾ ಹೋಗವ್ವಾ."